ಸ್ಟೇಜ್ ಮೇಲೆ ಉಡಿ ಒಡ್ಡಿದವನು

ಹೋದ ಭಾನುವಾರ ಕಲಬುರಗಿಯಲ್ಲಿ ಒಂದು ಡ್ಯಾನ್ಸ್ ಪ್ರೋಗ್ರಾಂ ಮುಗಿಯುವ ಮೊದಲೇ ನಿಂತುಹೋಯಿತು. ಕರೆಂಟ್ ಹೋಗಿರಲಿಲ್ಲ. ಗಲಾಟೆಯೂ ಆಗಿರಲಿಲ್ಲ. ನಿಲ್ಲಿಸಿದ್ದು ಸಾಕ್ಷಾತ್ ನನ್ನ ಅಕ್ಕ.

ಕುಣಿಯುತ್ತಿದ್ದವನು ಅವಳ ಮಗ ಪ್ರಭು. ಕಾಂಟೆಂಪರರಿ ಡ್ಯಾನ್ಸ್ ಕೊರಿಯೋಗ್ರಾಫರ್. (ಮದುವೆಗಳಿಗೆ ಸ್ಟೆಪ್ ಹೇಳಿಕೊಡುತ್ತಾನಾ ಎಂದು ಕೇಳಬೇಡಿ. ನಾನು ಕೇಳಿದ್ದಕ್ಕೆ ಒಂದು ವಾರ ಮಾತು ಬಿಟ್ಟಿದ್ದ.) ಸ್ಟೇಶನ್ ಬಜಾರದಲ್ಲಿ ಹೋಟೆಲ್ಲೊಂದರ ಮೇಲಿನ ಹಾಲ್ ಬಾಡಿಗೆಗೆ ಹಿಡಿದು, ಕೆಳಗಿನಿಂದ ಬರುವ ಒಗ್ಗರಣೆ ಘಾಟಿಗೆ ಸೀನುತ್ತಲೇ ಪ್ರಾಕ್ಟೀಸ್ ಮಾಡುತ್ತಾನೆ. ಜೊತೆಗೆ ಮಂಜು. ಲೈಟು, ಮ್ಯೂಸಿಕ್ಕು ಅವನ ಕೆಲಸ. ಇಬ್ಬರೂ ಇರುವುದು ಒಂದೇ ಮನೆಯಲ್ಲಿ.

ಮಂಜು ಬರೀ ಗೆಳೆಯನಲ್ಲ, ತಾನು ಪ್ರೀತಿಸುವ ಮನುಷ್ಯ ಎಂದು ಪ್ರಭು ಹೋದ ವರ್ಷವೇ ಕಮಲಾಪುರದಲ್ಲಿರುವ ಅವ್ವನಿಗೆ ಫೋನಿನಲ್ಲಿ ಹೇಳಿದ್ದಾನೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು. 'ಊಟ ಆಯ್ತೇನು?' ಎಂದಳು. ಫೋನ್ ಇಟ್ಟಳು. ಆಮೇಲೆ ಆ ವಿಷಯವೇ ಇಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಊಟ ಆಯ್ತಾ ಎನ್ನುವವಳ ಜೊತೆ ಏನೆಂದು ಜಗಳ ಆಡುವುದು?

ಅದಕ್ಕೇ ಹುಡುಗ ಇದನ್ನು ಕುಣಿದು ಹೇಳಲು ಹೊರಟ. ಅವ್ವ ಮುಂದಿನ ಸಾಲಿನಲ್ಲಿ ಕೂತು ನೋಡಬೇಕು, ನೋಡಿ ಏನಾದರೂ ಒಂದು ಹೇಳಬೇಕು. ಅವನಿಗೆ ಬೇಕಾಗಿದ್ದು ಅಷ್ಟೇ.

ಪ್ರಾಕ್ಟೀಸ್ ನೋಡಲು ಹೋದಾಗ, ಪೋಸ್ಟರಿನಲ್ಲಿ 'ಕ್ವಿಯರ್ ಡ್ಯಾನ್ಸ್' ಎಂದಿದ್ದದ್ದನ್ನು ಓದಿ ಕೇಳಿದೆ: 'ಈ ಕ್ವಿಯರ್ ಅಂದ್ರ ಏನೋ?'

'ಸಣ್ಣಾಂವ ಇದ್ದಾಗ ಮನ್ಯಾಗ ಹೆಣ್ಮಕ್ಕಳಿಗಿ ಉಡಿ ತುಂಬತಿದ್ರಲ್ಲ ಮಾಮಾ, ನಾನೂ ಅಂಗಿ ತುದಿ ಒಡ್ಡಿ ಪಾಳಿನ್ಯಾಗ ಕುಂತಿದ್ದೆ. ಎಲ್ಲರೂ ನಕ್ಕರು. ಅಜ್ಜಿ ರಟ್ಟಿ ಹಿಡದು ಎಬ್ಬಿಸಿದ್ಳು. ಅದೇ ನೋಡು. ಪಾಳಿನ್ಯಾಗ ಕುಂತೀನಿ, ನನ್ನ ಪಾಳಿ ಬರಂಗಿಲ್ಲ.'

ತವರಿಗೆ ಬಂದ ಹೆಣ್ಣುಮಗಳು ಹೊರಡುವಾಗ ಸೆರಗು ಒಡ್ಡುತ್ತಾಳೆ. ಅದರಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ರವಿಕೆಗೆಂದು ಜಂಪರ್ ಪೀಸ್ ಹಾಕಿ ಹರಸಿ ಕಳಿಸುತ್ತಾರೆ. ಅದೇ ಉಡಿ ತುಂಬುವುದು. ನಮ್ಮ ಕಡೆ ಇದು ಎಷ್ಟು ಮಾಮೂಲಿಯೆಂದರೆ ಯಾರೂ ಕಣ್ಣಿಟ್ಟು ನೋಡುವುದಿಲ್ಲ. ಪ್ರಭು ನೋಡಿದ್ದಾನೆ. ತಿಂಗಳುಗಟ್ಟಲೆ ನಮ್ಮ ಮನೆಗೆ ಬಂದು ನನ್ನ ಹೆಂಡತಿಯಿಂದ ಉಡಿ ಒಡ್ಡಿಸಿದ. 'ಅತ್ತಿ, ಮೊಣಕೈ ಎಲ್ಲಿರ್ತಾವ? ಅಕ್ಕಿ ಬೀಳೋಕಿಂತ ಮೊದಲೇ ಕೈ ಬಾಗ್ತಾವೇನು?' ಅವಳಿಗೋ ಸಂಭ್ರಮ. ಆ ಮೊಣಕೈಗಳನ್ನು ನಾನು ಮದುವೆಯಾದಾಗಿನಿಂದ ಒಮ್ಮೆಯೂ ವಿಚಾರಿಸಿಲ್ಲವಂತೆ.

ಭಾನುವಾರ ಅಕ್ಕ ಬಂದಳು. ಕೈಯಲ್ಲಿ ದೊಡ್ಡ ಚೀಲ. ಬಸುರಿಯಾಗಿರುವ ನನ್ನ ಮಗಳಿಗೆ ಪ್ರೋಗ್ರಾಂ ಆದಮೇಲೆ ಉಡಿ ತುಂಬಬೇಕೆಂದು ಎಲ್ಲ ಸಾಮಾನು ತಂದಿದ್ದಳು. ಮೇಲೆ ಕಮಲಾಪುರದ ಕೆಂಪು ಬಾಳೆಹಣ್ಣು. ಚೀಲ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಕೂತಳು.

ಕೊನೆಯ ದೃಶ್ಯ. ಪ್ರಭು ಅವಳದೇ ಹಳೆಯ ಸೀರೆಯ ಸೆರಗನ್ನು ಹೆಗಲಿಗೆ ಹಾಕಿಕೊಂಡು, ಮೊಣಕಾಲೂರಿ, ಉಡಿ ಒಡ್ಡಿದ. ಆ ಕಡೆ ನೋಡಿದ. ಈ ಕಡೆ ನೋಡಿದ. ಯಾರೂ ಬರುವುದಿಲ್ಲ. ಖಾಲಿ ಉಡಿಯ ಮೇಲೆ ಲೈಟ್ ನಿಧಾನಕ್ಕೆ ಆರಬೇಕು, ಡ್ಯಾನ್ಸ್ ಮುಗಿಯಬೇಕು. ನನಗೆ ಅದು ಗೊತ್ತಿತ್ತು. ಅಕ್ಕನಿಗೆ ಗೊತ್ತಿರಲಿಲ್ಲ.

'ಒಡ್ಡಿದ ಉಡಿ ಖಾಲಿ ಬಿಡ್ತಾರೇನು? ಒಬ್ಬರೂ ಏಳವಲ್ರಲ್ಲ,' ಎಂದು ಗೊಣಗುತ್ತ ಎದ್ದೇಬಿಟ್ಟಳು.

ನಾನು ಕೈ ಹಿಡಿದು ಜಗ್ಗಿದೆ. 'ಅಕ್ಕಾ, ಅದು ಡ್ಯಾನ್ಸ್.'

'ಡ್ಯಾನ್ಸ್ ಇರ್ಲಿ ಬಿಡು. ಉಡಿ ಉಡಿನೇ.'

ಚೀಲದ ಸಮೇತ ಸ್ಟೇಜ್ ಹತ್ತಿದಳು. ಅಕ್ಕಿ ಹಾಕಿದಳು. ಕೊಬ್ಬರಿ, ಉತ್ತತ್ತಿ, ಬಾಳೆಹಣ್ಣು ಹಾಕಿದಳು. ಜಂಪರ್ ಪೀಸ್ ಕೈಗೆ ಬಂದಾಗ ತುಸು ತಡೆದಳು. ಮಗನ ಮುಖ ನೋಡಿದಳು. ಅದನ್ನೂ ಹಾಕಿದಳು. ಪ್ರಭು ಅಳುತ್ತಿದ್ದ. ಮಂಜು ಲೈಟ್ ಆರಿಸುವುದನ್ನೇ ಮರೆತಿದ್ದ.

ಆಮೇಲೆ ಚಹಾ ಕುಡಿಯುವಾಗ, 'ನನ್ನ ಎಂಡಿಂಗೇ ಹಾಳ್ ಮಾಡಿದ್ಳು' ಎಂದ ಪ್ರಭು, ಮುಖ ತುಂಬ ನಗುತ್ತ. ಉಡಿಯ ಗಂಟನ್ನು ಮಾತ್ರ ಕೆಳಗಿಡಲಿಲ್ಲ. ಮುಂದಿನ ಶೋಗೆ ಏನು ಮಾಡುತ್ತೀ ಎಂದು ಕೇಳಿದೆ.

'ಖಾಲಿನೇ ಒಡ್ಡತೀನಿ ಮಾಮಾ. ಎಲ್ಲರ ಅವ್ವಗೋಳು ಎದ್ದು ಬರಂಗಿಲ್ಲಲ್ಲ.'

ಮಾತು ಖರೆ. ಆದರೆ ಅವನ ಅವ್ವ ಎದ್ದದ್ದಾದರೂ ಯಾಕೆ? ಮಗ ಹೇಳಿದ್ದು ತಿಳಿದು ಎದ್ದಳೋ, ಖಾಲಿ ಉಡಿ ಒಳ್ಳೆಯದಲ್ಲ ಎಂದು ಎದ್ದಳೋ? ಅವತ್ತೂ ಮಂಜುವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಚಹಾ ತಂದುಕೊಟ್ಟ ಅವನಿಗೇ 'ಸಕ್ರಿ ಜಾಸ್ತಿ ಆಗ್ಯಾದ' ಎಂದಳು, ಬಸ್ ಹತ್ತಿದಳು. ನನಗೆ ಇದೇ ತಲೆಬಿಸಿ.

ನಿನ್ನೆ ಕಮಲಾಪುರದಿಂದ ಫೋನ್ ಬಂತು.

'ತಮ್ಮಾ, ಮಗನ ಉಡಿ ತುಂಬಿದೆ, ಸಂಗಟ ಇದ್ದ ಮಂಜುಗ ಬರಿಗೈಲೇ ಬಿಟ್ಟು ಬಂದೆ ನೋಡು. ಅಳಿಯಗೋಳಿಗಿ ಕೊಡೋ ಟವಲ್ ಟೊಪ್ಪಿಗಿ ಕಲಬುರಗಿ ಜಗತ್ ಸರ್ಕಲ್‌ನ್ಯಾಗ ಯಾವ ಅಂಗಡ್ಯಾಗ ಚಲೋ ಸಿಗ್ತಾವ?'