ಸೂತಕ ಬೇಕೆಂದು ಹಠ ಹಿಡಿದ ಹತ್ಸುನೊ

ಕುರೊದಾನಿಯ ಗುಡ್ಡಕ್ಕೆ ನೂರಾ ಹನ್ನೆರಡು ಮೆಟ್ಟಿಲು. ಹತ್ತಿದರೆ ಎಡಕ್ಕೆ ಕಲ್ಲಿನ ತೋರಣಗಂಬ, ಅದರಾಚೆ ಕಾಮಿ ಎಂದು ಜಪಾನೀಯರು ಕರೆಯುವ ಊರದೇವರ ಗುಡಿ. ಬಲಕ್ಕೆ ಬುದ್ಧನ ಮಂದಿರ. ಮೂವತ್ತನಾಲ್ಕು ವರ್ಷ ಹತ್ಸುನೊ ಮತ್ತು ಶಿಮಾ ದಿನಾ ಬೆಳಗ್ಗೆ ಸೋಯಾ ಹಾಲಿನ ಮೊದಲ ತೋಫು ಅಚ್ಚಿಗೆ ಸುರಿದು, ಅದು ಗಟ್ಟಿಯಾಗುವಷ್ಟರಲ್ಲಿ ಎರಡೂ ಕಡೆ ಹೋಗಿ ಬರುತ್ತಿದ್ದರು. ಗುಡಿಯಲ್ಲಿ ಎರಡು ಚಪ್ಪಾಳೆ ತಟ್ಟಬೇಕು, ಮಂದಿರದಲ್ಲಿ ಸುಮ್ಮನೆ ಕೈ ಮುಗಿಯಬೇಕು. ಶಿಮಾ ಎರಡೂ ಕಡೆ ತಟ್ಟುತ್ತಿದ್ದಳು.

"ಬುದ್ಧನಿಗೂ ಕಿವಿ ಮಂದ ಆಗಿರತ್ತೆ ಕಣೆ. ವಯಸ್ಸೇನು ಕಮ್ಮೀನಾ?"

ಗಂಡನ ಮನೆ ಸಾಕಾಗಿ ಒಂದು ಚೀಲ ಹಿಡಿದು ಹೊರಬಿದ್ದ ಹತ್ಸುನೊ, ಶಿಮಾಳ ತೋಫು ಅಂಗಡಿಗೆ ವ್ಯಾನು ಓಡಿಸಲು ಬಂದವಳು. ಮೇಲಿನ ಕೋಣೆಯಲ್ಲಿ ಒಂದು ವಾರ ಇರುತ್ತೇನೆಂದಳು. ಇದ್ದೇಬಿಟ್ಟಳು. ಅಲ್ಲೇ ಡೋಲು ಕಲಿತಳು. ಗುಡಿಯ ಶರತ್ಕಾಲದ ಹಬ್ಬದಲ್ಲಿ ದೊಡ್ಡ ಡೋಲು ಬಾರಿಸಲು ಇವಳೇ ಆಗಬೇಕು ಎನ್ನುವ ಮಟ್ಟಿಗೆ ಕಲಿತಳು. ಸೆಪ್ಟೆಂಬರಿನಲ್ಲಿ ತೊಂಬತ್ತೊಂದರ ಶಿಮಾ ಮಧ್ಯಾಹ್ನದ ಊಟ ಮಾಡಿ, ಸಾರಿಗೆ ಉಪ್ಪು ಸಾಲದೆಂದು ಬೈದು, ಒರಗಿಕೊಂಡಲ್ಲೇ ಹೋದಳು.

ಸಾವಿನ ಮನೆಯವರು ಐವತ್ತು ದಿನ ಗುಡಿಯ ತೋರಣ ದಾಟುವಂತಿಲ್ಲ. ಮಂದಿರಕ್ಕೆ ಅಡ್ಡಿಯಿಲ್ಲ, ಬುದ್ಧನಿಗೆ ಸಾವು ಮೈಲಿಗೆಯಲ್ಲ. ಹತ್ಸುನೊ ಬಲಕ್ಕೆ ಮಾತ್ರ ತಿರುಗತೊಡಗಿದಳು. ಸೂತಕದ ಮನೆಗಳ ಹೆಸರು ಬರೆಯುವ ಹಲಗೆಯಲ್ಲಿ ತನ್ನ ಮನೆಯದೂ ಬರೆಯಿರೆಂದು ಗುಡಿಯ ಹಿರಿಯ ನೊತ್ಸುವಿಗೆ ಹೇಳಿಕಳಿಸಿದಳು.

ನೊತ್ಸು ಅಂಚೆ ಕಚೇರಿಯಿಂದ ನಿವೃತ್ತನಾದವನು. ವಿಳಾಸ ಸರಿಯಿಲ್ಲದ ಕಾಗದವನ್ನು ಆಯುಷ್ಯದಲ್ಲಿ ಒಮ್ಮೆಯೂ ಮುಟ್ಟಿಸಿದವನಲ್ಲ. ಅಂಗಡಿಗೇ ಬಂದ.

"ಅಕ್ಕ, ನಿಮಗೆ ಸೂತಕ ಇಲ್ಲ. ಮನೆತನದ ದಾಖಲೆಯಲ್ಲಿ ನೀವಿಬ್ರೂ ಬೇರೆ ಬೇರೆ. ನೀವು ಬಾಡಿಗೆಯವರು. ಹಾಯಾಗಿ ಬಂದು ಡೋಲು ಬಾರಿಸಿ."

"ಹೋದ ವರ್ಷ ಒಸಾಕಾದಲ್ಲಿ ನಿಮ್ಮ ಚಿಕ್ಕಪ್ಪ ಸತ್ತಾಗ ಸೂತಕ ಅಂತ ಗುಡಿ ಅಂಗಳದ ಹುಲ್ಲು ಕೀಳೋಕೆ ಬರ್ಲಿಲ್ವಲ್ಲ ಯಜಮಾನ್ರೆ. ಅವರ ಮುಖ ನೋಡಿ ಎಷ್ಟು ವರ್ಷ ಆಗಿತ್ತು?"

"ಇಪ್ಪತ್ತು. ಆದ್ರೂ ರಕ್ತಸಂಬಂಧ ಅಲ್ವ?"

"ಶಿಮಾ ಬೆನ್ನು ಉಜ್ಜಿದ್ದು ನಾನು. ಸೂತಕ ಇಲ್ಲ ಅಂದ್ರೆ ಅವಳು ನನಗೆ ಯಾರೂ ಅಲ್ಲ ಅಂತ ತಾನೆ? ಹಂಗಂತ ನೀವು ಬರೆದುಕೊಡಿ, ಬಂದು ಬಾರಿಸ್ತೀನಿ."

ನೊತ್ಸು ಬರೆದುಕೊಡಲಿಲ್ಲ. ಒಂದು ತೋಫು ಕೊಂಡು ಹೊರಟ.

ದುಃಖಕ್ಕೂ ಮೊಹರು ಬೇಕೆನ್ನುವ ಜನ ಎಲ್ಲ ಊರಲ್ಲೂ ಇದ್ದಾರೆ. ಮುಖ ಮರೆತ ಚಿಕ್ಕಪ್ಪನಿಗೆ ಸೂತಕ ಸಿಗುತ್ತದೆ, ಒಂದೇ ಪಾತ್ರೆಯ ಅನ್ನ ಉಂಡವಳಿಗೆ ಸಿಗುವುದಿಲ್ಲ. ಇದನ್ನು ಸಂಪ್ರದಾಯ ಅನ್ನುತ್ತಾರೆ. ಸೋಮಾರಿತನ ಅಂದರೆ ಸಿಟ್ಟಾಗುತ್ತಾರೆ.

ಹಬ್ಬದ ದಿನ ಹತ್ಸುನೊ ಸಾವಿನ ಮನೆಯವರು ಉಡುವ ಕಪ್ಪು ಕಿಮೋನೊ ಉಟ್ಟು ತೋರಣದ ಹೊರಗೆ ಬಂದು ನಿಂತಳು. ಒಳಗೆ ಡೋಲು ಕಾಯುತ್ತಿತ್ತು. ಕಾಮಿಗೆ ಕಾಣಿಕೆಯಾಗಿ ಅಕ್ಕಿ, ಮೂಲಂಗಿ, ಮೀನು ಹಿಡಿದು ಹೆಂಗಸರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದರು. ಮೊದಲು ಬಂದವಳು ನೊತ್ಸುವಿನ ಹೆಂಡತಿ ಫುಸಾಎ. ಹತ್ಸುನೊಳ ಕಪ್ಪು ಬಟ್ಟೆ ನೋಡಿದಳು, ಮೂಲಂಗಿ ಪಕ್ಕಕ್ಕಿಟ್ಟಳು, ಸೊಂಟ ಬಗ್ಗಿಸಿ ನಮಸ್ಕರಿಸಿದಳು.

"ನಿಮ್ಮ ಮನೇಲಿ ಹೀಗಾಯ್ತು. ತುಂಬ ನೋವಾಯ್ತು ಅಕ್ಕ."

ಸತ್ತವರ ಮನೆಯವರಿಗೆ ಹೇಳುವ ಮಾತದು, ಬೇರೆ ಯಾರಿಗೂ ಹೇಳುವುದಲ್ಲ. ಹಿಂದಿನವಳೂ ಅದನ್ನೇ ಹೇಳಿದಳು, ಅವಳ ಹಿಂದಿನವಳೂ. ಸಾಲು ಮೆಟ್ಟಿಲಿನವರೆಗೆ ಬೆಳೆಯಿತು. ಹತ್ಸುನೊ ಒಬ್ಬೊಬ್ಬರಿಗೂ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಳು. ಅಳುವೂ ಬಂತು, ನಗುವೂ ಬಂತು.

ಒಳಗಿಂದ ನೊತ್ಸು ಕೂಗಿದ: "ಏನ್ರೇ ಅದು, ಹಬ್ಬಾನೋ ತಿಥೀನೋ?"

"ಹಲಗೆ ಖಾಲಿ ಇದೆಯಲ್ಲ, ಅದಕ್ಕೆ ನಾವೇ ಹೇಳ್ತಾ ಇದೀವಿ!" ಎಂದಳು ಫುಸಾಎ. "ಬರೀತೀರೋ, ಇವತ್ತಿಂದ ನಿಮ್ಮ ಊಟ ನೀವೇ ಬೇಯಿಸ್ಕೋತೀರೋ?"

ಹೆಂಗಸರು ಘೊಳ್ಳೆಂದರು. ನೊತ್ಸು ಕುಂಚ ಹುಡುಕಿದ, ಶಾಯಿ ಅರೆದ, ಕನ್ನಡಕ ಏರಿಸಿದ.

"ಅಕ್ಕ, ಸಂಬಂಧದ ಜಾಗದಲ್ಲಿ ಏನಂತ ಬರೀಲಿ?"

ಅಷ್ಟು ದಿನ ಜಗಳವಾಡಿದವಳಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ.

"ಒಂದೇ ಮನೆ ಅಂತ ಬರೀರಿ."

"ಅಂಥ ಸಂಬಂಧ ಇಲ್ಲವಲ್ಲ," ಎಂದು ಗೊಣಗುತ್ತಲೇ ಬರೆದ. ಅಕ್ಷರ ಮಾತ್ರ ಮುತ್ತಿನಂತಿತ್ತು. ಹಲಗೆಯನ್ನು ತೋರಣದ ಕಡೆ ತಿರುಗಿಸಿ ಹಿಡಿದ. ಹತ್ಸುನೊ ದೂರದಿಂದಲೇ ಎರಡು ಸಲ ಓದಿದಳು.

ಇನ್ನು ಡೋಲು? ಸೂತಕದವಳು ಒಳಗೆ ಬರುವಂತಿಲ್ಲ; ನೊತ್ಸುವೇ ಈಗಷ್ಟೇ ಬರೆದಿದ್ದ. ಹಾಗಾಗಿ ಕೋಲೂ ಅವನ ಕೈಗೇ ಬಂತು. ನಾಲ್ಕು ಪೆಟ್ಟು ಹಾಕಿದ, ನಾಲ್ಕಕ್ಕೂ ಒಂದಕ್ಕೊಂದು ಪರಿಚಯವಿರಲಿಲ್ಲ.

"ಯಜಮಾನ್ರೆ, ಅದು ಅಂಚೆ ಮೊಹರಲ್ಲ!" ಹತ್ಸುನೊ ತೋರಣದ ಹೊರಗಿಂದ ಕಿರುಚಿದಳು. "ಮಣಿಕಟ್ಟು ಸಡಿಲ ಬಿಡಿ! ನನ್ನ ಕೈ ನೋಡಿ!"

ಅವಳು ಗಾಳಿಯಲ್ಲಿ ಬಾರಿಸುತ್ತ ಹೋದಳು. ಅವನು ಕತ್ತು ಚಾಚಿ ನೋಡುತ್ತ, ಒಂದು ಪೆಟ್ಟು ಹಿಂದೆ ಬಿದ್ದು, ಹಿಂಬಾಲಿಸಿದ.