ಬಳೆ ಚೂರಿನ ತೋರಣ

ಗಂಡ ತೀರಿಕೊಂಡ ಹೆಂಗಸು ಬಳೆ ಅಂಗಡಿಯ ಮೆಟ್ಟಿಲು ಹತ್ತಿದರೆ ಮೊದಲು ಮಾತು ನಿಲ್ಲುತ್ತದೆ. ಹತ್ತುವ ತನಕ ನನಗೂ ಅದು ಗೊತ್ತಿರಲಿಲ್ಲ. ಹುಬ್ಬಳ್ಳಿಯ ಬಜಾರದಲ್ಲಿ ಒಂದು ಕಪಾಟಿನಷ್ಟೇ ಅಗಲದ ಅಂಗಡಿ ಅದು. ಚಾಪೆಯ ಮೇಲೆ ಹೆಂಗಸರು ಕೈ ಚಾಚಿ ಕೂತಿದ್ದರು. ಬಳೆಗಾರ ಒಬ್ಬಾಕೆಯ ಹೆಬ್ಬೆರಳನ್ನು ಒಳಕ್ಕೆ ಮಡಚಿ, ಅಂಗೈ ಹಿಚುಕಿ ಹಿಚುಕಿ ಬಳೆ ಏರಿಸುತ್ತಿದ್ದ. ನನ್ನ ಬೋಳು ಹಣೆ, ಬೋಳು ಕೈ ಕಂಡದ್ದೇ ಆಕೆ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಅರ್ಧ ಏರಿದ್ದ ಬಳೆ ಚಟ್ಟನೆ ಒಡೆಯಿತು.

ಎಲ್ಲರೂ ನನ್ನನ್ನು ನೋಡಿದರು. ಒಡೆದದ್ದು ನನ್ನಿಂದಲೇ ಎಂಬ ನೋಟ.

ಬಳೆಗಾರ ವಯಸ್ಸಾದವನು. ತಲೆಗೆ ಬಿಳಿ ಟೊಪ್ಪಿಗೆ, ಬೆರಳ ತುದಿಗೆಲ್ಲ ಗಾಜು ತಾಗಿದ ಹಳೆಯ ಗಾಯದ ಗುರುತು. ಮಗಳಿಗೇನಾದರೂ ಬೇಕೋ, ಸೊಸೆಗೋ ಎಂದು ಕೇಳಿದ.

"ನನಗ ಬೇಕ್ರಿ," ಅಂದೆ. "ಹೊಸಾವಲ್ಲ. ಒಡದ ಚೂರು ಇದ್ರ ಕೊಡ್ರಿ."

ಅವನ ಆಸನದ ಕೆಳಗೆ ಒಂದು ತಗಡಿನ ಡಬ್ಬಿ ತುಂಬ ಚೂರು ಇದ್ದದ್ದು ನನಗೆ ಕಾಣುತ್ತಿತ್ತು. ಗಾಜು ಕರಗಿಸುವವರಿಗೆ ಕೊಡಲು ಕೂಡಿಡುತ್ತಾರೆ. ಅವನು ದನಿ ತಗ್ಗಿಸಿ, ಇಲ್ಲಿ ನಿಲ್ಲಬೇಡಿ, ಹಿಂದಿನ ಓಣಿಯಿಂದ ಬಂದರೆ ನಮ್ಮ ಮನೆಯವಳು ಕೊಡುತ್ತಾಳೆ ಎಂದ. ಕೆಟ್ಟ ಮನುಷ್ಯನಲ್ಲ. ಚಾಪೆಯ ಮೇಲೆ ಕೂತವರು ಎದ್ದು ಹೋದರೆ ಅವನ ಆ ದಿನದ ವ್ಯಾಪಾರವೂ ಎದ್ದು ಹೋದಂತೆ. ನಾನು ಹಿಂದಿನ ಓಣಿಗೆ ಹೋದೆ. ಅವನ ಹೆಂಡತಿ ಚೂರುಗಳನ್ನು ಅರಿವೆಯಲ್ಲಿ ಕಟ್ಟಿ, ನನ್ನ ಮುಖ ನೋಡದೆ ಕೈಗಿಟ್ಟು ಬಾಗಿಲು ಹಾಕಿಕೊಂಡಳು.

ಧಾರವಾಡಕ್ಕೆ ಹಿಂದಿರುಗುವ ರೈಲಿನಲ್ಲಿ ಗಂಟು ತೊಡೆಯ ಮೇಲಿತ್ತು. ಅಮರಗೋಳ ದಾಟುವ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು. ಅವರ ಮೇಲಲ್ಲ. ಹಿಂದಿನಿಂದ ಬಾ ಅಂದ ಕೂಡಲೇ ಹೋದೆನಲ್ಲ, ಆ ನನ್ನ ಕಾಲುಗಳ ಮೇಲೆ.

ಚೂರು ಯಾಕೆ ಬೇಕಾಗಿದ್ದವು ಎಂಬುದನ್ನು ಹೇಳಬೇಕು. ನಮ್ಮ ಮನೆಯವರು ಹುಬ್ಬಳ್ಳಿಯಲ್ಲಿ ಹತ್ತಿ ದಲಾಲರೊಬ್ಬರ ಹತ್ತಿರ ಗುಮಾಸ್ತರಾಗಿದ್ದರು. ದಿನಾ ರೈಲಿನಲ್ಲಿ ಹೋಗಿ ಬರುವವರು. ಸಂಜೆ ರೈಲಿಗೆ ಇನ್ನೂ ಹೊತ್ತಿದ್ದರೆ ಹಳೇ ಸಾಮಾನು ಮಾರುವವರ ಸಾಲಿನಲ್ಲಿ ಸುತ್ತುವುದು ಅವರ ಚಟ. ಅಡಿಕೆ ತಂಬಾಕು ಇಲ್ಲದ ಮನುಷ್ಯ, ಇದೊಂದೇ. ಗೋಣಿತಾಟಿನ ಮೇಲೆ ಹರವಿದ ತುಕ್ಕು ಸಾಮಾನಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಒಂದೊಂದನ್ನೂ ತಿರುಗಿಸಿ ನೋಡುವರು. ನಿಂತುಹೋದ ಗಡಿಯಾರದ ಹಲ್ಲಿನ ಚಕ್ರ, ಟಾಂಗಾ ಕುದುರೆಯ ಕೊರಳ ಗೆಜ್ಜೆ, ಪರದೆಯ ಹಿತ್ತಾಳೆ ಉಂಗುರ, ಯಾವ ಬಂಗಲೆಯ ಝುಂಬರ ದೀಪದಿಂದಲೋ ಕಳಚಿ ಬಂದ ಗಾಜಿನ ಲೋಲಕ, ಹೀಗೆ ಏನಾದರೊಂದು ಕೋಟಿನ ಕಿಸೆಯಲ್ಲಿ ಬರುತ್ತಿತ್ತು. ಎಲ್ಲ ಒಂದು ಬಿಸ್ಕೀಟಿನ ಡಬ್ಬಿಗೆ ಸೇರುತ್ತಿತ್ತು.

"ಇದರಾಗ ಒಂದ ಛಲೋ ವಸ್ತು ಆಗತೈತಿ ನೋಡು," ಎನ್ನುವರು. ಏನು ವಸ್ತು ಎಂದು ಕೇಳಿದರೆ, ಅದು ಇನ್ನೂ ತಿಳಿಯಬೇಕು ಎನ್ನುವರು. ಗುಜರಿಯವನ ಹೆಂಡತಿಯಾದೆ ಎಂದು ನಾನು ಛೇಡಿಸುತ್ತಿದ್ದೆ. ಉರುಸು, ಸಂತೆ ಎಲ್ಲಿದ್ದರೂ ನನ್ನನ್ನೂ ಮಗಳನ್ನೂ ಕರೆದುಕೊಂಡು ಹೋಗುವರು. ದೊಡ್ಡ ಅಂಗಡಿಗಳನ್ನು ಬಿಟ್ಟು ಸಾಲಿನ ಕೊನೆಗೆ, ಯಾರೂ ನಿಲ್ಲದ ಕಡೆ ನಿಲ್ಲುವರು. ಹೋದಲ್ಲೆಲ್ಲ ನನಗೆ ಬಳೆ ಇಡಿಸುವುದಂತೂ ತಪ್ಪುತ್ತಿರಲಿಲ್ಲ.

ಮಳೆಗಾಲದ ಕೊನೆಯ ಒಂದು ಜ್ವರ ಅವರನ್ನು ಒಯ್ದಿತು. ಡಬ್ಬಿ ಅರ್ಧವೂ ತುಂಬಿರಲಿಲ್ಲ.

ನನ್ನ ಬಳೆ ಒಡೆದವಳು ನನ್ನ ನೆಗೆಣ್ಣಿ, ಅವರ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತಿದ್ದೆ. ಆಕೆಯೂ ಎಂದೋ ಗಂಡನನ್ನು ಕಳಕೊಂಡವಳು. ಬಚ್ಚಲ ಕಲ್ಲಿಗೆ ನನ್ನ ಕೈ ತಾಗಿಸುವಾಗ ನನಗಿಂತ ಹೆಚ್ಚು ಅತ್ತಳು. ಕಣ್ಣು ಮುಚ್ಚಿಕೊ ಅಂದಳು, ನಾನು ಮುಚ್ಚಲಿಲ್ಲ. ಹಸಿರು ಚೂರು ಮೋರಿಯ ಬಾಯಿಗೆ ಹೋಗಿ ನಿಂತವು. ಮರುದಿನ ನೀರು ಹಾಕುವ ಮೊದಲು ನಾನು ಅವನ್ನೆಲ್ಲ ಆರಿಸಿ ಬಿಸ್ಕೀಟಿನ ಡಬ್ಬಿಗೆ ಹಾಕಿದೆ. ಯಾಕೆ ಎಂದು ಆಗ ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಆಮೇಲೆ. ನಾನು ಸಣ್ಣವಳಿದ್ದಾಗ ತವರಿನ ಓಣಿಯ ಹುಡುಗಿಯರು ಒಂದು ಆಟ ಆಡುತ್ತಿದ್ದೆವು. ಬಳೆ ಚೂರನ್ನು ದೀಪದ ಉರಿಗೆ ಹಿಡಿದರೆ ಗಾಜು ಕೆಂಪಾಗಿ ಬೆಲ್ಲದ ಪಾಕದಂತೆ ಬಾಗುತ್ತದೆ. ಎರಡು ತುದಿ ಕೂಡಿಸಿದರೆ ಒಂದು ಸಣ್ಣ ಕೊಂಡಿ. ಅದರೊಳಗೆ ಮತ್ತೊಂದು ಚೂರು ಹಾಯಿಸಿ ಬಾಗಿಸಿದರೆ ಸರಪಳಿ. ಆಗ ಗೊಂಬೆಯ ಕೊರಳಿಗೆ ಹಾಕುತ್ತಿದ್ದೆವು. ಈಗ ನನ್ನ ಚೂರುಗಳಿಂದ ಮಾಡಿ ನೋಡಿದೆ. ಗೇಣುದ್ದವೂ ಆಗಲಿಲ್ಲ. ಅದರ ತುದಿಗೆ ಡಬ್ಬಿಯಲ್ಲಿದ್ದ ಲೋಲಕ ಕಟ್ಟಿದೆ. ಕಿಡಕಿಯ ಬೆಳಕಿಗೆ ಹಿಡಿದಾಗ ಅವರು ಹೇಳುತ್ತಿದ್ದ ಛಲೋ ವಸ್ತು ಇದೇ ಅನಿಸಿತು. ಇದು ಬಾಗಿಲ ತೋರಣವಾಗಬೇಕು. ಅದಕ್ಕೆ ಚೂರು ಬೇಕು.

ಮಧ್ಯಾಹ್ನ ಓಣಿಯೆಲ್ಲ ಮಲಗಿದಾಗ ಅಡುಗೆಮನೆಯಲ್ಲಿ ದೀಪ ಹಚ್ಚಿಕೊಂಡು ಕೂಡುತ್ತಿದ್ದೆ. ಬಾಗಿಸಿದ ಕೊಂಡಿಯನ್ನು ಬಿಸಿ ಬೂದಿಯಲ್ಲಿ ಹುಗಿಯಬೇಕು. ತಣ್ಣನೆಯ ನೆಲಕ್ಕಿಟ್ಟರೆ ಸೀಳುತ್ತದೆ. ಜರಿ ಹಚ್ಚಿದ ಬಳೆ ಕಪ್ಪಾಗುತ್ತದೆ, ನೀಲಿಯದು ಬೇಗ ಬಾಗುತ್ತದೆ. ಬೆರಳು ಸುಡುತ್ತಿತ್ತು. ಸುಟ್ಟದ್ದಕ್ಕೆ ಅಳಬಹುದಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಹಾಗಾಗಿ ಆ ಕೆಲಸ ನನಗೆ ಸೇರಿತು.

ಒಂದು ದಿನ ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು.

"ಹಗಲಾಗ ದೀಪಾ ಹಚ್ಚಿ ಏನ ಹುಡಕಾಕತ್ತೀ? ಗಂಡನ್ನೇನು?"

ಅಂದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ತಲೆ ಎತ್ತಲಿಲ್ಲ.

"ಹೌದ ಅಕ್ಕಾ," ಅಂದೆ. "ಸ್ವಲ್ಪ ಸರಿ, ಗಾಳಿ ಬರತೈತಿ."

ಅಕ್ಕ ಸರಿದು ಹಿತ್ತಲಿಗೆ ಹೋದಳು. ನಾನು ದೀಪ ಆರಿಸಲಿಲ್ಲ.

ಊರ ಹೊರಗಿನ ದರ್ಗಾದ ಉರುಸು ಬಂತು. ಹಿಂದಿನ ವರ್ಷ ಮೂವರೂ ಹೋಗಿದ್ದೆವು. ಈ ಸಲ ಜಾತ್ರೆ ಮುಗಿದ ಮರುದಿನ ಬೆಳಿಗ್ಗೆ, ಅಂಗಡಿಯವರು ಚಪ್ಪರ ಬಿಚ್ಚುವಾಗ ಮಗಳನ್ನು ಕರೆದುಕೊಂಡು ಹೋದೆ. ಬಳೆಗಾರರು ಕೂತಿದ್ದ ಜಾಗ ದೂರದಿಂದಲೇ ಗುರುತು ಸಿಗುತ್ತಿತ್ತು. ನೆಲವೇ ಹೊಳೆಯುತ್ತಿತ್ತು. ಹಸಿರು, ಕೆಂಪು, ಗೋಧಿ ಬಣ್ಣ, ಹೊಗೆ ಬಣ್ಣ. ವಿದೇಶದ ಬಳೆ ತೊಡಬಾರದು ಎಂದು ಹುಡುಗರು ಓಣಿ ಓಣಿಯಲ್ಲಿ ಹೇಳಿ ಹೋಗುತ್ತಿದ್ದ ಕಾಲ ಅದು. ಒಡೆದ ಮೇಲೆ ಯಾವ ದೇಶದ್ದೆಂದು ಯಾರೂ ಕೇಳುವುದಿಲ್ಲ. ಇಬ್ಬರೂ ಕೂತು ಉಡಿ ತುಂಬ ಆರಿಸಿದೆವು. ಚಪ್ಪರ ಬಿಚ್ಚುತ್ತಿದ್ದವನೊಬ್ಬ ಏನು ಕಳೆದಿದೆ ಎಂದು ಕೇಳಿದ. ಹೇಳಹೋದರೆ ಬಹಳ ಇತ್ತು. ನಗು ಬಂತು. ನಮ್ಮ ಮನೆಯವರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಹುಬ್ಬಳ್ಳಿಯ ಅಂಗಡಿಗೆ ಮತ್ತೆ ಹೋದಾಗ ಹಿಂದಿನ ಓಣಿಗೆ ಹೋಗಲಿಲ್ಲ. ಚಾಪೆಯ ಮೇಲೆ ಗಿರಾಕಿಗಳು ಇದ್ದರು. ಇರಲಿ ಎಂದು ಮೆಟ್ಟಿಲ ಮೇಲೆಯೇ ನಿಂತೆ.

"ಇಲ್ಲೇ ಕೊಡ್ರಿ ಕಾಕಾ," ಅಂದೆ. "ನಾ ಏನ ಕದಿಯಾಕ ಬಂದಿಲ್ಲ."

ಬಳೆಗಾರ ಗಿರಾಕಿಗಳನ್ನು ನೋಡಿದ, ನನ್ನನ್ನು ನೋಡಿದ. ಇಬ್ಬರು ಎದ್ದರು, ಒಬ್ಬಾಕೆ ಎದ್ದು ಮತ್ತೆ ಕೂತಳು. ಅವನು ಡಬ್ಬಿ ಎಳೆದು ಚೂರುಗಳನ್ನು ನನ್ನ ಅರಿವೆಗೆ ಸುರಿದ. ಮಗಳಿಗೆ ಗಂಡು ಗೊತ್ತಾದರೆ ಬಳೆ ಇಡಲು ನೀವೇ ಬರಬೇಕು ಎಂದು ಹೇಳಿ ಬಂದೆ.

ಗಂಡು ಗೊತ್ತಾಯಿತು. ಗೋಪನಕೊಪ್ಪದ ಮನೆತನ, ಹೊಲ ಇದ್ದವರು. ಮದುವೆಗೆ ಮೊದಲು ಅವರ ಕಡೆಯ ಹೆಂಗಸರು ನಮ್ಮ ಮನೆಗೆ ಬಂದು ಹುಡುಗಿಗೆ ಹಸಿರು ಬಳೆ ಇಡಿಸುವ ಶಾಸ್ತ್ರ. ಆ ದಿನ ಅಕ್ಕನಂತೆ ನನ್ನ ಜಾಗವೂ ಅಡುಗೆಮನೆ ಎಂಬುದನ್ನು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ತೋರಣ ಆಗಲೇ ಮುಗಿದಿತ್ತು. ಬಾಗಿಲ ಅಗಲಕ್ಕೂ ಸರಪಳಿಗಳು, ನಡುನಡುವೆ ಕುದುರೆ ಗೆಜ್ಜೆ, ಗಡಿಯಾರದ ಚಕ್ರ, ತುದಿಗೆ ಲೋಲಕ. ನಟ್ಟನಡುವೆ ನನ್ನ ಹಸಿರು. ಹುಡುಗಿಯ ಅಪ್ಪ ಆ ದಿನ ಮನೆಯಲ್ಲಿ ಇರಬೇಕಾದರೆ ಇದೊಂದೇ ದಾರಿ ಎಂದು ನಾನು ಗಟ್ಟಿ ಮಾಡಿಕೊಂಡಿದ್ದೆ. ಮುಂಬಾಗಿಲಿಗೆ ಕಟ್ಟುತ್ತೇನೆ ಅಂದೆ.

ಅಕ್ಕ ಕೆಳಗೆ ಕೂತುಬಿಟ್ಟಳು. ಒಡೆದ ಬಳೆಯ ಕೆಳಗೆ ಮದುವೆಯ ಹೆಣ್ಣನ್ನು ಹಾಯಿಸುವವರನ್ನು ಎಲ್ಲಾದರೂ ಕಂಡಿದ್ದೀಯಾ, ಬೀಗರಿಗೆ ತಿಳಿದರೆ ಟಾಂಗಾ ಅಲ್ಲಿಂದಲೇ ತಿರುಗುತ್ತದೆ, ಆಮೇಲೆ ಈ ಹುಡುಗಿಯನ್ನು ಯಾರು ಕೇಳುತ್ತಾರೆ ಎಂದು ಒಂದೇ ಸಮನೆ ಹೇಳಿದಳು. ಅವಳ ಹೆದರಿಕೆ ಸುಳ್ಳಲ್ಲ. ಸಂಬಂಧ ಮುರಿದರೆ ಅನುಭವಿಸುವವಳು ನಾನಲ್ಲ, ಮಗಳು. ಮಗಳನ್ನೇ ಕೇಳಿದೆ. ಅವಳು ಲೋಲಕವನ್ನು ತಿರುಗಿಸಿ ನೋಡಿದಳು. "ಇದು ಅಪ್ಪನ ಡಬ್ಬೀದು ಅಲ್ಲೇನು," ಅಂದಳು. "ಕಟ್ಟ ಬೇ ಯವ್ವಾ."

ಶಾಸ್ತ್ರದ ದಿನ ಬೆಳಿಗ್ಗೆ ನಾನೇ ಮಣೆಯ ಮೇಲೆ ನಿಂತು ಕಟ್ಟಿದೆ.

"ಅದು ಅಲ್ಲಿ ಇದ್ರ ನಾ ಆ ಬಾಗಲಾ ತುಳಿಯಾಂಗಿಲ್ಲ," ಅಂದಳು ಅಕ್ಕ.

"ಹಿತ್ತಲಾಗೊಂದ ಬಾಗಲಾ ಐತಲ್ಲ."

ಅವಳು ಹಾಗೆಯೇ ಮಾಡಿದಳು. ಸೆಗಣಿಗುಂಡಿ ಬಳಸಿ, ಸೀರೆ ಎತ್ತಿ ಹಿಡಿದು ಹಿತ್ತಲಿನಿಂದಲೇ ಓಡಾಡಿದಳು. ಓಣಿಯ ಹೆಂಗಸರು ಬಂದಂತೆ ಅವರಿಗೂ ಕೈ ಮಾಡಿ ಅತ್ತಲೇ ಕರೆದಳು. ಕೆಲವರು ಹೋದರು. ಕೆಲವರು ಮುಂಬಾಗಿಲಲ್ಲಿ ಮೇಲೆ ನೋಡಿ, ನನ್ನನ್ನು ನೋಡಿ, ಒಳಗೆ ಬಂದರು. ಬಳೆಗಾರ ಕಾಕಾ ಪೆಟ್ಟಿಗೆ ಹೊತ್ತುಕೊಂಡು ಬಂದವನು ತೋರಣದ ಕೆಳಗೆ ನಿಂತು ಒಂದು ಹೊಗೆ ಬಣ್ಣದ ಕೊಂಡಿ ಮುಟ್ಟಿದ. ಪೆಟ್ಟಿಗೆ ಓರೆ ಮಾಡಿ ದಾಟಿದ.

ಬೀಗರ ಟಾಂಗಾ ಬಂತು. ಬೀಗರನ್ನು ಸೆಗಣಿಗುಂಡಿಯ ಮೇಲೆ ಕರೆತರುವಂತಿರಲಿಲ್ಲ. ಅಕ್ಕ ತಾನೂ ಮುಂದೆ ಬರಬಾರದವಳು ಎಂಬುದನ್ನು ಮರೆತು ಒಳಗಿನಿಂದಲೇ ಹೊಸ್ತಿಲ ತನಕ ಓಡಿ ಬಂದಳು. ನಾನು ಅಡುಗೆಮನೆಗೆ ಹೋಗಿರಲಿಲ್ಲ. ಹೊಸ್ತಿಲ ಬದಿಗೇ ನಿಂತಿದ್ದೆ. ಹುಡುಗನ ತಾಯಿ ದಪ್ಪನೆಯ, ನಿಧಾನದ ಹೆಂಗಸು. ಬಾಗಿಲಲ್ಲಿ ನಿಂತು ಮೇಲೆ ನೋಡಿದರು. ಇದೇನಿದು, ಭಾರಿ ಚೆಂದ ಇದೆಯಲ್ಲ ಅಂದರು.

ಅಕ್ಕ ಗಡಿಬಿಡಿಯಿಂದ, ಮುಂಬಯಿಯಿಂದ ತರಿಸಿದ ಗಾಜಿನ ಮಣಿ ಎಂದು ಹೇಳಿಬಿಟ್ಟಳು. ಹುಡುಗಿಯನ್ನು ಉಳಿಸಲು ಹೇಳಿದ ಸುಳ್ಳು. ನಾನು ಸುಮ್ಮನಿದ್ದರೆ ಎಲ್ಲ ಸುಸೂತ್ರ.

"ಮಣಿ ಅಲ್ರಿ," ಅಂದೆ. "ಒಡದ ಬಳಿ. ನಾ ಮಾಡೇನಿ. ಇದರಾಗ ನನ್ನವೂ ಅದಾವು."

ಒಳಗೆ ಮಾತೆಲ್ಲ ನಿಂತಿತು. ನನಗೆ ಅದು ಪರಿಚಯದ ಮೌನ.

ಹುಡುಗನ ತಾಯಿ ನನ್ನ ಕೈ ನೋಡಿದರು. "ಯಾವು ನಿಮ್ಮವು?"

ನಡುವಿನ ಹಸಿರನ್ನು ತೋರಿಸಿದೆ. ಅವರು ಕತ್ತು ಎತ್ತಿ ನೋಡುತ್ತಲೇ ಇದ್ದರು. ಹಿಂದೆ ನಿಂತವರೊಬ್ಬರು ಸೆರಗು ಜಗ್ಗಿದರೂ ಕದಲಲಿಲ್ಲ.

"ಗಾಳಿಗೆ ಸಪ್ಪಳಾ ಮಾಡತಾವೇನ್ರಿ?"

"ಮಾಡತಾವ್ರಿ."

"ಮಾಡ್ಲಿ ಬಿಡ್ರಿ," ಅಂದು, ತಲೆ ಬಗ್ಗಿಸಿ ಒಳಗೆ ಬಂದರು. ಅವರು ಮೆಚ್ಚಿ ಬಂದರೋ, ಬಂದ ಮೇಲೆ ತಿರುಗುವುದು ಬೇಡವೆಂದು ಬಂದರೋ ನಾನು ಎಂದೂ ಕೇಳಲಿಲ್ಲ. ಅವರ ಹಿಂದಿದ್ದವರೂ ಬಂದರು. ಸೆರಗು ಜಗ್ಗಿದಾಕೆ ಮಾತ್ರ ಒಳಗೆ ಕೂತರೂ ನನ್ನ ಕೈಯ ನೀರು ಕುಡಿಯಲಿಲ್ಲ.

ಬಳೆ ಇಡುವುದು ಶುರುವಾಯಿತು. ನಾನು ಪಡಸಾಲೆಯ ಕಂಬಕ್ಕೆ ಆತು ನಿಂತೇ ಇದ್ದೆ. ಯಾರೂ ಬಾ ಅನ್ನಲಿಲ್ಲ, ಹೋಗು ಅಂದರೆ ನಾನು ಹೋಗುತ್ತಿರಲಿಲ್ಲ. ಮಗಳ ಎಡಗೈಗೆ ಬಳೆ ಏರಿಸುವಾಗ ಒಂದು ಚಟ್ಟೆಂದಿತು. ಚಾಪೆಯ ಮೇಲೆ ಎರಡು ತುಂಡು. ಕಾಕಾನ ಕೈ ಅಲ್ಲೇ ನಿಂತಿತು. ಅಕ್ಕ ಅಡುಗೆಮನೆಯ ಬಾಗಿಲಿನಿಂದ ನನ್ನತ್ತ ತಿರುಗಿದ ನೋಟ ಇನ್ನೂ ನೆನಪಿದೆ.

ನಾನು ಕಂಬ ಬಿಟ್ಟು, ಕೂತವರ ನಡುವೆ ಹಾದು, ಚಾಪೆಯ ತನಕ ಹೋದೆ.

"ಇನ್ನೊಂದ ಹಾಕ್ರಿ ಕಾಕಾ," ಅಂದೆ. "ಒಡದದ್ದು ನನಗ ಕೊಡ್ರಿ."

ಅವನು ಎರಡೂ ತುಂಡುಗಳನ್ನು ಎಲ್ಲರ ಎದುರಿಗೆ ನನ್ನ ಅಂಗೈಗಿಟ್ಟ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮಗಳ ಪಕ್ಕದಲ್ಲೇ ಕೂತೆ.