ಕೃಷ್ಣಪ್ಪ ಇಟ್ಟ ಹೆಸರು

ಹಿರೇಕೊಡಿಗೆಯ ಕೃಷ್ಣಪ್ಪ ಹದಿನೇಳು ವರ್ಷ ಮಿಲಿಟರಿಯಲ್ಲಿದ್ದು ಹವಾಲ್ದಾರನಾಗಿ ನಿವೃತ್ತನಾದವನು. ಈಗ ಕೊಪ್ಪದ ಬ್ಯಾಂಕೊಂದರ ಬಾಗಿಲಲ್ಲಿ ಕೋವಿ ಹಿಡಿದು ಕೂರುತ್ತಾನೆ. ಪಿಂಚಣಿಗೆ ಬರುವ ಅಜ್ಜಂದಿರು ಒದ್ದೆ ಕೊಡೆ ಎಲ್ಲಿಡಲಿ ಎಂದು ಕೇಳಿದರೆ ಆ ಕೋವಿಯಿಂದಲೇ ಮೂಲೆ ತೋರಿಸುತ್ತಾನೆ. ಹದಿಮೂರು ವರ್ಷಗಳಲ್ಲಿ ಅದರಿಂದಾದ ಉಪಕಾರ ಇಷ್ಟೇ.

ಅವನಿಗೆ ಪದಕ ಬಂದಿಲ್ಲ. ಅವನ ಪಾಲಿಗಿರುವುದು ಒಂದು ಶಬ್ದ. ಕಾರ್ಗಿಲ್ ಯುದ್ಧದಲ್ಲಿ, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಅವನು ತನ್ನ ತುಕಡಿಯ ಜೊತೆ ಬಂಡೆಯೊಂದರ ಮರೆಯಲ್ಲಿ ನಾಲ್ಕು ದಿನ ಕಾದು ಕೂತಿದ್ದ. ಎದುರಿನ ಗುಡ್ಡದಲ್ಲಿ ಶತ್ರುಗಳ ಬಂಕರು. ಕಲ್ಲಿನ ಸಂದಿಯಿಂದ ಒಂದು ತಲೆ ಹೊರಗೆ ಬರುವುದು, ಆಚೀಚೆ ನೋಡುವುದು, ಒಳಗೆ ಹೋಗುವುದು. ಮನೆಯ ಬಚ್ಚಲ ತೂಬಿನಲ್ಲಿ ಇಂಥದ್ದನ್ನೇ ನೋಡಿ ಬೆಳೆದ ಕೃಷ್ಣಪ್ಪ "ಹೆಗ್ಗಣ" ಎಂದ. ಪಕ್ಕದಲ್ಲಿದ್ದ ತಮಿಳಿನವನು ಅರ್ಥ ಕೇಳಿದ, ಇವನು ಹೇಳಿದ. ಸಂಜೆಯೊಳಗೆ ತಮಿಳರು, ತೆಲುಗರು, ಮಲೆಯಾಳಿಗಳು ಎಲ್ಲರೂ ಹೆಗ್ಗಣ ಎನ್ನತೊಡಗಿದರು. ಮರುದಿನ ವೈರ್‌ಲೆಸ್ಸಿನಲ್ಲಿ, ಎಷ್ಟು ಹೆಗ್ಗಣ ಕಂಡವು ಎಂದು ಮೇಲಧಿಕಾರಿಗಳೇ ವಿಚಾರಿಸಿದರು. ಅಷ್ಟು ಎತ್ತರದಲ್ಲಿ ಕನ್ನಡಕ್ಕೆ ಅಂಥ ಮರ್ಯಾದೆ ಅದಕ್ಕೆ ಮೊದಲು ಸಿಕ್ಕಿರಲಿಕ್ಕಿಲ್ಲ.

ಎದುರಿಗಿರುವವನು ಮನುಷ್ಯ ಅಂದುಕೊಂಡರೆ ಕೈ ನಡುಗುತ್ತದೆ, ಈ ಹೆಸರೇ ಒಳ್ಳೆಯದು ಎಂದು ಸುಬೇದಾರರು ಕೃಷ್ಣಪ್ಪನ ಬೆನ್ನು ತಟ್ಟಿದರು. ಅವರು ಹೇಳಿದ್ದು ಸರಿಯೇ. ನಾಲ್ಕನೆಯ ದಿನ ಬೆಳಿಗ್ಗೆ ತಲೆ ಹೊರಗೆ ಬಂದಾಗ ಕೃಷ್ಣಪ್ಪನ ಕೈ ನಡುಗಲಿಲ್ಲ.

ಊರಿಗೆ ಬಂದ ಮೇಲೆ ಈ ಕತೆಯನ್ನು ಅವನು ಮದುವೆ ಚಪ್ಪರದಲ್ಲಿ ಹೇಳಿದ, ಬಸ್ಸು ಕೆಟ್ಟು ನಿಂತಾಗ ಹೇಳಿದ, ಬಸರೀಕಟ್ಟೆಗೆ ಜೀಪು ಓಡಿಸುವ ಮಗ ಮೋಹಿತನ ಗೆಳೆಯರಿಗೂ ಹೇಳಿದ. ಹೆಗ್ಗಣ ಎಂದ ಕೂಡಲೇ ಜನ ಬಿದ್ದು ಬಿದ್ದು ನಗುತ್ತಿದ್ದರು. ಆದರೆ ಆ ಶಬ್ದ ಬಾಯಿಗೆ ಬಂದಾಗಲೆಲ್ಲ ಕೃಷ್ಣಪ್ಪನ ಕಣ್ಣಿಗೆ ಒಂದು ಮುಖ ಕಾಣುತ್ತಿತ್ತು, ದುರ್ಬೀನಿನಲ್ಲಿ ನಾಲ್ಕು ದಿನ ನೋಡಿದ ಮುಖ. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕತೆ ಕೆಡುತ್ತಿತ್ತು.

ಕಳೆದ ಜುಲೈಯಲ್ಲಿ, ಕಾರ್ಗಿಲ್ ವಿಜಯದ ದಿನ, ಕೊಪ್ಪದ ಹುಡುಗರ ಸಂಘವೊಂದು ಅವನಿಗೆ ಸನ್ಮಾನ ಇಟ್ಟುಕೊಂಡಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ವೇದಿಕೆಯ ಹಿಂದಿನ ಫ್ಲೆಕ್ಸಿನಲ್ಲಿ ಒಂದು ಬದಿಗೆ ಕೃಷ್ಣಪ್ಪನ ಫೋಟೋ, ಇನ್ನೊಂದು ಬದಿಗೆ ಹಸಿರು ಯೂನಿಫಾರ್ಮ್ ತೊಟ್ಟ ಹೆಗ್ಗಣ. ಮೋಹಿತ ಫೋನಿನಲ್ಲೇ ಮಾಡಿಸಿದ ಚಿತ್ರ. ಹೆಗ್ಗಣ ಚೆನ್ನಾಗಿ ಮೂಡಿತ್ತು. ಕೃಷ್ಣಪ್ಪನೇ ಅಷ್ಟು ಚೆನ್ನಾಗಿ ಬಂದಿರಲಿಲ್ಲ.

ಅವತ್ತು ಮೈಕಿನ ಮುಂದೆ "ಹೆಗ್ಗಣ" ಎಂದಾಗ ಮುಖ ಬರಲಿಲ್ಲ, ಫ್ಲೆಕ್ಸಿನ ಹೆಗ್ಗಣ ಬಂತು. ಮರುದಿನ ಬ್ಯಾಂಕಿನ ಬಾಗಿಲಲ್ಲಿ ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದ. ಡ್ಯೂಟಿಯಲ್ಲಿ ನಿದ್ದೆ ಮಾಡಬಾರದು ಎಂದು ಮ್ಯಾನೇಜರು ಬುದ್ಧಿ ಹೇಳಿದರು. ಒಂದು ತಿಂಗಳು ಹೀಗೇ ಹೋಯಿತು. ಕೃಷ್ಣಪ್ಪನಿಗೆ ಹೆದರಿಕೆ ಹತ್ತಿತು, ಯುದ್ಧದಲ್ಲೂ ಇಷ್ಟು ಹೆದರಿದವನಲ್ಲ. ಆ ಮುಖ ಪೂರ್ತಿ ಹೋಗಿಬಿಟ್ಟರೆ ತಾನು ಹೊಡೆದದ್ದು ಹೆಗ್ಗಣವನ್ನೇ ಎಂದು ಖಾಯಂ ಆಗುತ್ತದೆ. ಅಲ್ಲ ಎನ್ನಲು ಬೇರೆ ಸಾಕ್ಷಿ ಯಾರಿದ್ದಾರೆ?

ಮಹಾಲಯ ಅಮಾವಾಸ್ಯೆ ಬಂತು. ತೀರಿಕೊಂಡ ಹಿರಿಯರಿಗೆ ಅವರವರ ಇಷ್ಟದ ಅಡಿಗೆ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆಯಲ್ಲಿ ಎಡೆ ಇಟ್ಟು, ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ ಹೊರಗೆ ಕೂರುವುದು ಮನೆಯ ಪದ್ಧತಿ. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಹೀಗೆ ನಾಲ್ಕು ಎಲೆ. ಕೃಷ್ಣಪ್ಪ ಐದು ಎಲೆ ಕೊಯ್ದು ತಂದ.

"ಇದ್ಯಾರಿಗೆ ಮಾರಾಯ್ರೆ?" ಎಂದಳು ಹೆಂಡತಿ ಅನ್ನಮ್ಮ.

"ಕಾರ್ಗಿಲ್‌ನವ್ನಿಗೆ."

ಅನ್ನಮ್ಮ ಆ ಕತೆಯನ್ನು ನೂರು ಸಲ ಕೇಳಿದವಳು. ಒಲೆಯ ಮೇಲಿನ ಪಾತ್ರೆಯನ್ನೊಮ್ಮೆ ನೋಡಿದಳು. ಅದರಲ್ಲಿ ಅಜ್ಜನ ಇಷ್ಟದ ಹಂದಿ ಸಾರು ಕುದಿಯುತ್ತಿತ್ತು.

"ಅವ್ರಲ್ಲಿ ಹಂದಿ ತಿನ್ನಲ್ಲ, ಅಲ್ದಾ?"

"ತಿನ್ನಲ್ಲ."

"ಮೊದ್ಲೇ ಹೇಳದಲ್ವಾ ಮಾರಾಯ್ರೆ?" ಎಂದು ಗೊಣಗಿಕೊಂಡು, ಬೇರೆ ಪಾತ್ರೆ ತೊಳೆದು, ಬೇರೆ ಸೌಟು ತೆಗೆದು ಕೋಳಿ ಸಾರಿಗಿಟ್ಟಳು. ಐದನೆಯ ಎಲೆಯನ್ನು ಅಜ್ಜನ ಎಲೆಗೆ ತಾಗದಂತೆ ಒಂದು ಮೊಳ ದೂರ ಹಾಕಿದಳು. ಕೃಷ್ಣಪ್ಪ ಹುಟ್ಟಿಸಿದ ಹೆಗ್ಗಣ ಏನು ತಿನ್ನುತ್ತದೆ, ಏನು ತಿನ್ನುವುದಿಲ್ಲ ಎಂದು ಇಪ್ಪತ್ತಾರು ವರ್ಷಗಳಲ್ಲಿ ಒಬ್ಬರೂ ಕೇಳಿರಲಿಲ್ಲ.

ಮಧ್ಯಾಹ್ನ ಪಕ್ಕದ ಮನೆಯಿಂದ ದೊಡ್ಡಪ್ಪ ವಾಸಪ್ಪ ಬಂದ. ಎಂಬತ್ತು ದಾಟಿದರೂ ಎಲೆ ಲೆಕ್ಕ ಹಾಕಲು ಅವನಿಗೆ ಕನ್ನಡಕ ಬೇಡ.

"ಐದನೇದು ಯಾರ್ದಾ?"

"ಅಪ್ಪ ಹೆಗ್ಗಣಕ್ಕೆ ಎಡೆ ಇಡ್ತಿದಾರೆ ದೊಡ್ಡಜ್ಜ" ಎಂದು ಮೋಹಿತ ನಕ್ಕ. ಅನ್ನಮ್ಮ ತಿರುಗಿ ನೋಡಿದಳು. ನಗು ನಿಂತಿತು.

ವಾಸಪ್ಪ ಸಿಟ್ಟಾಗಲಿಲ್ಲ. ಅವನ ಚಿಂತೆ ಪದ್ಧತಿಯದು. "ಇಡು, ನಂದೇನೂ ಅಡ್ಡಿಲ್ಲ. ಆದ್ರೆ ಕರೀಬೇಕಲ್ಲ? ಕರೀದೆ ಇದ್ದ ಎಲೆಗೆ ಎಂತದು ಬಂದು ಕೂರ್ತದೆ ಅಂತ ಹೇಳಕ್ಕಾಗಲ್ಲ. ಹೆಸ್ರೆಂತ ಅವಂದು?"

ಕೃಷ್ಣಪ್ಪನಿಗೆ ಗೊತ್ತಿದ್ದದ್ದು ಒಂದೇ ಹೆಸರು, ತಾನೇ ಇಟ್ಟದ್ದು.

ದೀಪ ಹಚ್ಚಿ, ಧೂಪ ಹಾಕಿ ಅವನು ಕರೆಯಲು ನಿಂತ. ಅಜ್ಜನನ್ನು ಕರೆದ, ಅಜ್ಜಿಯನ್ನು ಕರೆದ, ಅಪ್ಪನನ್ನೂ ಅಮ್ಮನನ್ನೂ ಕರೆದ. ಐದನೆಯ ಎಲೆಯ ಮುಂದೆ ಬಾಯಿ ತೆರೆದರೆ ನಾಲಿಗೆಯ ತುದಿಗೆ ಬಂದು ಕೂತಿದ್ದು ಹೆಗ್ಗಣವೇ. ಕಣ್ಣು ಮುಚ್ಚಿದರೂ ಅದೇ. ಕೃಷ್ಣಪ್ಪನಿಗೆ ತನ್ನ ಬಾಯಿಯ ಮೇಲೇ ಅಸಹ್ಯವಾಯಿತು.

"ಕರಿ ಮಾರಾಯ, ಅನ್ನ ಆರ್ತದೆ" ಎಂದ ವಾಸಪ್ಪ.

ಕೃಷ್ಣಪ್ಪ ಎಲೆಯ ಮುಂದೆ ಮೊಣಕಾಲೂರಿ ಕೂತ.

"ಮೂರು ದಿನ ಮೋಡ ಇತ್ತು" ಎಂದ. "ಅವತ್ತು ಬೆಳಿಗ್ಗೆ ಬಿಸ್ಲು ಬಂತು. ನೀನು ಟೊಪ್ಪಿ ತೆಗ್ದು, ಬಿಸ್ಲಿಗೆ ಮುಖ ಕೊಟ್ಟು ಕಣ್ಮುಚ್ಕಂಡು ನಿಂತಿದ್ದೆ. ನಮ್ಮನ್ನ ನೋಡಕ್ಕೆ ಬಂದವ್ನಲ್ಲ ನೀನು, ಚಳಿ ಕಾಸಕ್ಕೆ ಬಂದಿದ್ದೆ. ನಂಗದು ಕಂಡಿತ್ತು. ಕಂಡೇ ಹೊಡ್ದೆ. ಹೊಡ್ದವ ನಾನು, ಹಿರೇಕೊಡಿಗೆ ಕೃಷ್ಣಪ್ಪ. ಬಾ ಮಾರಾಯ, ಉಂಡು ಹೋಗು."

ಮೋಹಿತ ಈ ಭಾಗವನ್ನು ಯಾವತ್ತೂ ಕೇಳಿರಲಿಲ್ಲ. ಫೋನು ಜೇಬಿಗೆ ಹಾಕಿಕೊಂಡ.

ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ ಜಗುಲಿಯಲ್ಲಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ವಾಸಪ್ಪ ಕೇಳಿದ, "ಹೊಡ್ದವ್ನೇ ಕರದ್ರೆ ಬತ್ತನೇನಾ?"

ಬಂದನೇ ಎಂದು ಅನ್ನಮ್ಮ ಕಣ್ಣಿನಲ್ಲೇ ಕೇಳಿದಳು. ಕೃಷ್ಣಪ್ಪ ಕಣ್ಣು ಮುಚ್ಚಿ ನೋಡಿದ, ಮುಖ ಕಾಣಲಿಲ್ಲ. ಇಲ್ಲವೆಂದು ತಲೆಯಾಡಿಸಿದ.

ವಾಡಿಕೆಯ ಹೊತ್ತು ಮುಗಿಯಿತು. ಹೊಟ್ಟೆ ಹಸಿದ ವಾಸಪ್ಪ ಎದ್ದು, ಒಳಗಿನವರಿಗೆ ತಿಳಿಯಲಿ ಎಂದು ಬಾಗಿಲು ತಟ್ಟಲು ಕೈ ಎತ್ತಿದ. ಕೃಷ್ಣಪ್ಪ ಆ ಕೈ ಹಿಡಿದುಕೊಂಡ.

"ಇನ್ನೊಂಚೂರು ತಡೀರಿ ದೊಡ್ಡಪ್ಪ" ಎಂದ. "ಅವ ದೂರದಿಂದ ಬರ್ಬೇಕು."